ಹೊರಗೆ 40 ಡಿಗ್ರಿ ಬಿಸಿಲು, ನದಿಯಲ್ಲಿ ಕೊರೆಯುವ ನೀರು: ಮರುಭೂಮಿಯ ನದಿ ದಂಡೆಗೆ ಹೋಗುವ ಮುನ್ನ ತಿಳಿದಿರಬೇಕಾದದ್ದು

ಸುತ್ತಲೂ ಕೆಂಪು ಬಂಡೆಗಳು. ನೆತ್ತಿ ಸುಡುವ ಬಿಸಿಲು. ಎದುರಿಗೆ ಹಸಿರು ಬಣ್ಣದ ತಿಳಿನೀರು, ಪಕ್ಕದಲ್ಲಿ ಮರಳಿನ ದಂಡೆ. ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಹರಿಯುವ ಕೊಲೊರಾಡೊ ನದಿಯ ಇಂಥ ಫೋಟೊ, ರೀಲ್ಸ್‌ಗಳನ್ನು ನೀವೂ ನೋಡಿರುತ್ತೀರಿ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಎಷ್ಟೋ ಅಪ್ಪ ಅಮ್ಮಂದಿರ ಪ್ರವಾಸದ ಪಟ್ಟಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಮತ್ತು ಹಾರ್ಸ್‌ಶೂ ಬೆಂಡ್ ಇದ್ದೇ ಇರುತ್ತವೆ. ಎರಡನ್ನೂ ಕೊರೆದದ್ದು ಇದೇ ನದಿ.

ಅಲ್ಲಿ ನಿಂತಾಗ ಯಾರಿಗಾದರೂ ಬರುವ ಮೊದಲ ಯೋಚನೆ: "ಇಷ್ಟು ಸೆಖೆ ಇದೆ, ಒಂದು ಸಲ ನೀರಿಗೆ ಹಾರಿಬಿಡೋಣ."

ಆ ಹಾರುವಿಕೆಯೇ ಇಲ್ಲಿ ಅತಿ ಅಪಾಯದ ಕೆಲಸ. ಏಕೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಹೊರಗಿನ ಬಿಸಿಲಿಗೂ ನದಿ ನೀರಿನ ಬಿಸಿಗೂ ಸಂಬಂಧ ಇರಲೇಬೇಕೆಂದಿಲ್ಲ. ದೊಡ್ಡ ಅಣೆಕಟ್ಟಿನ ಕೆಳಗಿನ ನದಿಯಲ್ಲಿ ನೀರು ವರ್ಷವಿಡೀ ತಣ್ಣಗಿರಬಹುದು.
- ತಣ್ಣೀರಿಗೆ ದಿಢೀರನೆ ಬಿದ್ದಾಗ ಮೊದಲ ಒಂದು ನಿಮಿಷದಲ್ಲೇ ಉಸಿರು ಕೈಕೊಡುತ್ತದೆ. ಈಜು ಬರುವವರಿಗೂ ಇದು ಅನ್ವಯ.
- ದಂಡೆಯಲ್ಲಿ ಕೂತು ಕಾಲು ನೆನೆಸಿ, ಬಟ್ಟೆ ಒದ್ದೆ ಮಾಡಿಕೊಂಡು ತಂಪಾಗಬಹುದು. ನೀರಿಗೆ ಇಳಿಯುವುದಾದರೆ ಲೈಫ್ ಜಾಕೆಟ್ ಬೇಕೇ ಬೇಕು.

ಈ ನದಿ ದಂಡೆಗಳು ಎಲ್ಲಿವೆ?

ಕೊಲೊರಾಡೊ ನದಿ ರಾಕಿ ಪರ್ವತಗಳಲ್ಲಿ ಹುಟ್ಟಿ, ಸುಮಾರು 2,330 ಕಿ.ಮೀ. ಉದ್ದ ಹರಿಯುತ್ತದೆ. ಅದರ ಬಹುಪಾಲು ಆಳವಾದ ಕಣಿವೆಗಳಲ್ಲಿ ಇರುವುದರಿಂದ ನೀರಿನ ಅಂಚಿನವರೆಗೆ ಕಾರಿನಲ್ಲಿ ಹೋಗಬಹುದಾದ ಜಾಗಗಳು ಕಡಿಮೆ. ಅಂಥವುಗಳಲ್ಲಿ ಒಂದು ಉತ್ತರ ಅರಿಜೋನಾದ ಲೀಸ್ ಫೆರಿ. ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ಹೋಗುವ ರಬ್ಬರ್ ದೋಣಿಗಳ ಯಾನ ಶುರುವಾಗುವುದು ಇಲ್ಲಿಂದಲೇ. ಪರಿಯಾ ಎಂಬ ಚಿಕ್ಕ ನದಿ ಬಂದು ಸೇರುವಲ್ಲಿ ಪರಿಯಾ ಬೀಚ್ ಎಂಬ ಮರಳಿನ ದಂಡೆಯೂ ಇದೆ.

ಲೀಸ್ ಫೆರಿಯಿಂದ ಸುಮಾರು 25 ಕಿ.ಮೀ. ಮೇಲಕ್ಕೆ, ಪೇಜ್ ಎಂಬ ಊರಿನ ಪಕ್ಕ, ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಇದೆ. ಇದರ ಎತ್ತರ 216 ಮೀಟರ್. ಇದೇ ನದಿಯಲ್ಲಿ ಇನ್ನೂ ಕೆಳಗೆ, ಲಾಸ್ ವೇಗಸ್ ಹತ್ತಿರ, ಹೂವರ್ ಅಣೆಕಟ್ಟು. ಅದರ ಕೆಳಗೆ ವಿಲೋ ಬೀಚ್ ಎಂಬ ಇನ್ನೊಂದು ಜನಪ್ರಿಯ ದಂಡೆ. ಎರಡೂ ದಂಡೆಗಳು ಸುಡುವ ಮರುಭೂಮಿಯಲ್ಲಿವೆ. ಎರಡರಲ್ಲೂ ನೀರು ತಣ್ಣಗೆ ಕೊರೆಯುತ್ತದೆ.

ಮರುಭೂಮಿಯಲ್ಲಿ ನೀರು ಇಷ್ಟು ತಣ್ಣಗಿರಲು ಕಾರಣವೇನು?

"ಬೆಟ್ಟದ ಹಿಮ ಕರಗಿ ಬರುವ ನೀರು, ಅದಕ್ಕೇ ತಣ್ಣಗಿದೆ" ಎಂದು ಹಲವರು ಹೇಳುತ್ತಾರೆ. ಹಿಮ ಕರಗಿದ ನೀರು ಎಂಬುದು ನಿಜ. ಆದರೆ ತಂಪಿಗೆ ಅದೊಂದೇ ಕಾರಣವಲ್ಲ. ಅಣೆಕಟ್ಟು ಕಟ್ಟುವ ಮುಂಚೆಯೂ ಇದೇ ಹಿಮದ ನೀರೇ ಹರಿಯುತ್ತಿತ್ತು. ಆಗ ಚಳಿಗಾಲದಲ್ಲಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತಿದ್ದ ನೀರು ಬೇಸಿಗೆಯಲ್ಲಿ 25 ಡಿಗ್ರಿ ದಾಟುತ್ತಿತ್ತು. ನೂರಾರು ಕಿ.ಮೀ. ಮರುಭೂಮಿಯಲ್ಲಿ ಹರಿದು ಬರುವಾಗ ಬಿಸಿಲಿಗೆ ಕಾಯುತ್ತಿತ್ತು. ಜೊತೆಗೆ ಕೆಂಪು ಮಣ್ಣು ಹೊತ್ತು ತರುತ್ತಿತ್ತು. ಸ್ಪ್ಯಾನಿಷ್ ಭಾಷೆಯಲ್ಲಿ ಕೊಲೊರಾಡೊ ಎಂದರೆ ಕೆಂಪು ಬಣ್ಣದ್ದು ಎಂದೇ ಅರ್ಥ.

1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಲು ಶುರು ಮಾಡಿದ ಮೇಲೆ ಇದೆಲ್ಲ ಬದಲಾಯಿತು.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕ್‌ನ ನೀರು ಕೈ ಸುಡುತ್ತದೆ. ಅದೇ ಹೊತ್ತಿನಲ್ಲಿ ನೆಲದೊಳಗಿನ ಸಂಪಿನ ನೀರು ತಣ್ಣಗಿರುತ್ತದೆ. ಬಿಸಿಲು ಎರಡಕ್ಕೂ ಒಂದೇ, ಆದರೆ ಸಂಪಿಗೆ ಅದು ತಲುಪುವುದಿಲ್ಲ.

ಆಳವಾದ ಜಲಾಶಯದಲ್ಲಿ ಟ್ಯಾಂಕ್ ಮತ್ತು ಸಂಪು ಎರಡೂ ಒಂದರ ಮೇಲೊಂದು ಇದ್ದಂತೆ. ಬಿಸಿಲಿನ ಶಾಖವನ್ನು ಮೇಲಿನ ಕೆಲವು ಮೀಟರ್ ನೀರೇ ಹೀರಿಕೊಳ್ಳುತ್ತದೆ. ಬಿಸಿಯಾದ ನೀರು ಹಗುರ, ಅದು ಮೇಲೇ ತೇಲುತ್ತದೆ. ತಣ್ಣನೆಯ ನೀರು ಭಾರ, ಅದು ತಳದಲ್ಲೇ ಉಳಿಯುತ್ತದೆ. ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಆಳವಾದ ಕೆರೆಯಲ್ಲಿ ಈಜಿದವರಿಗೆ ಇದು ಗೊತ್ತು: ಎದೆಯ ಮಟ್ಟದಲ್ಲಿ ನೀರು ಬೆಚ್ಚಗೆ, ಕಾಲಿನ ಹತ್ತಿರ ತಣ್ಣಗೆ.

ಈಗ ಅಣೆಕಟ್ಟಿನ ವಿಷಯ. ಗ್ಲೆನ್ ಕ್ಯಾನ್ಯನ್‌ನಲ್ಲಿ ವಿದ್ಯುತ್ ತಯಾರಿಸುವ ಟರ್ಬೈನ್‌ಗಳಿಗೆ ನೀರು ಎಳೆದುಕೊಳ್ಳುವ ಕೊಳವೆಗಳ ಬಾಯಿ ಮೇಲೆ ಇಲ್ಲ. ಜಲಾಶಯ ಪೂರ್ತಿ ತುಂಬಿದಾಗ ಅದು ಮೇಲ್ಮೈಯಿಂದ ಸುಮಾರು 70 ಮೀಟರ್ ಆಳದಲ್ಲಿರುತ್ತದೆ, ಅಂದರೆ 20 ಮಹಡಿ ಕಟ್ಟಡಕ್ಕಿಂತ ಆಳ. ಅಲ್ಲಿನ ನೀರಿಗೆ ಬೇಸಿಗೆಯೂ ಇಲ್ಲ, ಬಿಸಿಲೂ ಇಲ್ಲ. ನದಿಗೆ ಬಿಡುವುದು ಇದೇ ನೀರನ್ನು. ಲೀಸ್ ಫೆರಿಯಲ್ಲಿ ನೀವು ಕಾಲಿಡುವ ನೀರು ಕೆಲವೇ ಗಂಟೆಗಳ ಹಿಂದೆ ಆ ಕತ್ತಲೆಯ ಆಳದಲ್ಲಿತ್ತು. ಬಿಸಿಲಿಗೆ ಕಾಯಲು ಅದಕ್ಕೆ ಸಮಯವೇ ಸಿಕ್ಕಿಲ್ಲ.

ಹೀಗಾಗಿ ಜಲಾಶಯ ತುಂಬಿದ್ದ ವರ್ಷಗಳಲ್ಲಿ ಲೀಸ್ ಫೆರಿಯ ನೀರು ಬೇಸಿಗೆಯಲ್ಲೂ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತಿತ್ತು. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟ ಬಾಟಲಿಯ ನೀರಿನಷ್ಟು ತಂಪು. ಮಣ್ಣೆಲ್ಲ ಜಲಾಶಯದಲ್ಲೇ ತಂಗುವುದರಿಂದ ಒಂದು ಕಾಲದ ಕೆಂಪು ನದಿ ಈಗ ಇಲ್ಲಿ ಹಸಿರಾಗಿ, ತಿಳಿಯಾಗಿ ಕಾಣುತ್ತದೆ. ಫೋಟೊದಲ್ಲಿ ನಮ್ಮನ್ನು ಕರೆಯುವ ಆ ತಿಳಿಹಸಿರು ಬಣ್ಣ ಮತ್ತು ಆ ಕೊರೆಯುವ ತಂಪು, ಎರಡಕ್ಕೂ ಮೂಲ ಅಣೆಕಟ್ಟೇ.

ಪ್ರತಿ ವರ್ಷವೂ ಇಷ್ಟೇ ತಂಪಾಗಿರುತ್ತದೆಯೇ?

ಇಲ್ಲ. ಬರಗಾಲದಿಂದ ಜಲಾಶಯದ ಮಟ್ಟ ತುಂಬಾ ಕುಸಿದಾಗ, ಮೇಲಿನ ಬೆಚ್ಚಗಿನ ಪದರ ಕೊಳವೆಯ ಬಾಯಿಗೆ ಹತ್ತಿರವಾಗುತ್ತದೆ. ಆಗ ಕೆಳಗಿನ ನದಿಯೂ ಬೆಚ್ಚಗಾಗುತ್ತದೆ. 2022ರಲ್ಲಿ ಹೀಗೇ ಆಯಿತು. ಬೆಚ್ಚನೆಯ ನೀರಿನ ಜೊತೆ ಸ್ಮಾಲ್‌ಮೌತ್ ಬ್ಯಾಸ್ ಎಂಬ ಹೊರಗಿನ ಮೀನು ಅಣೆಕಟ್ಟಿನ ಕೆಳಗೆ ಮರಿ ಮಾಡಲು ಶುರು ಮಾಡಿತು. ಸ್ಥಳೀಯ ಮೀನುಗಳನ್ನು ತಿಂದುಹಾಕುವ ಅದನ್ನು ತಡೆಯಲು 2024ರಲ್ಲಿ ಇನ್ನೂ ಆಳದ ಕೊಳವೆಗಳಿಂದ ತಣ್ಣೀರು ಬಿಟ್ಟು ನದಿಯನ್ನು ಮತ್ತೆ ತಂಪು ಮಾಡಲಾಯಿತು.

ಇದರಿಂದ ಪ್ರವಾಸಿಗರು ತಿಳಿಯಬೇಕಾದದ್ದು ಇಷ್ಟೇ. ಹಿಂದೆ ಹೋಗಿಬಂದವರು "ನೀರು ಪರವಾಗಿಲ್ಲ, ನಾವು ಈಜಿದ್ವಿ" ಎಂದರೆ ಅದು ಅವರು ಹೋದ ದಿನದ ಮಾತು. ಲೀಸ್ ಫೆರಿಯಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ ಮಾಪನ ಕೇಂದ್ರವಿದೆ. ನೀರಿನ ಹರಿವು ಮತ್ತು ಉಷ್ಣತೆಯ ಅಂಕಿಗಳನ್ನು ಅದರ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಹೊರಡುವ ದಿನ ಹವಾಮಾನ ನೋಡುವಂತೆ ಇದನ್ನೂ ನೋಡಿ.

ತಣ್ಣೀರಿಗೆ ಬಿದ್ದಾಗ ದೇಹದಲ್ಲಿ ಏನಾಗುತ್ತದೆ?

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. 15 ಡಿಗ್ರಿಯ ಗಾಳಿಯಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಆರಾಮವಾಗಿ ವಾಕಿಂಗ್ ಹೋಗಬಹುದು. 15 ಡಿಗ್ರಿಯ ನೀರಿನ ಕಥೆಯೇ ಬೇರೆ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂಬ ಸರಳ ಲೆಕ್ಕದಲ್ಲಿ ಜನರಿಗೆ ತಿಳಿಸುತ್ತಾ ಬಂದಿದ್ದಾರೆ. ಅತಿ ತಣ್ಣನೆಯ ನೀರಿಗೆ ಹೇಳಿದ ಲೆಕ್ಕವಿದು. ನೀರು ಸ್ವಲ್ಪ ಬೆಚ್ಚಗಿದ್ದರೆ ಸಮಯ ಹೆಚ್ಚು ಸಿಗುತ್ತದೆ, ಆದರೆ ಕ್ರಮ ಇದೇ.

*ಮೊದಲ 1 ನಿಮಿಷ: ಉಸಿರು.* ಬೆಳಗ್ಗೆ ಗೀಸರ್ ಕೈಕೊಟ್ಟಾಗ ತಣ್ಣೀರಿನ ಮೊದಲ ಚೊಂಬು ಬೆನ್ನಿಗೆ ಬಿದ್ದ ಕೂಡಲೇ "ಹಾ!" ಎಂದು ಉಸಿರೆಳೆಯುತ್ತೇವಲ್ಲ, ಅದೇ ಪ್ರತಿಕ್ರಿಯೆ ಇಲ್ಲಿ ಹತ್ತಾರು ಪಟ್ಟು ಜೋರಾಗಿ ಬರುತ್ತದೆ. ಇದನ್ನು ಕೋಲ್ಡ್ ಶಾಕ್ ಎನ್ನುತ್ತಾರೆ. ಇದು ನಮ್ಮ ಹತೋಟಿಯಲ್ಲಿ ಇಲ್ಲ. ಆ ಕ್ಷಣದಲ್ಲಿ ತಲೆ ನೀರಿನೊಳಗಿದ್ದರೆ ಗಾಳಿಯ ಬದಲು ನೀರೇ ಒಳಗೆ ಹೋಗುತ್ತದೆ. ನಂತರ ಏದುಸಿರು, ಎದೆಬಡಿತ, ರಕ್ತದೊತ್ತಡದ ಏರಿಕೆ. ಬಿಪಿ ಅಥವಾ ಹೃದಯದ ತೊಂದರೆ ಇರುವವರಿಗೆ ಇದೇ ಪ್ರಾಣಾಂತಿಕವಾಗಬಹುದು.

*ಮುಂದಿನ 10 ನಿಮಿಷ: ಕೈಕಾಲು.* ದೇಹವು ಹೃದಯ, ಮಿದುಳನ್ನು ಕಾಪಾಡಿಕೊಳ್ಳಲು ಕೈಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬೆರಳು ಮರಗಟ್ಟುತ್ತವೆ. ಎಸೆದ ಹಗ್ಗ ಕೈಗೆ ಸಿಕ್ಕರೂ ಹಿಡಿಯಲಾಗುವುದಿಲ್ಲ. ಚೆನ್ನಾಗಿ ಈಜುವವರೂ ದಂಡೆ ಕಣ್ಣಿಗೆ ಕಾಣುತ್ತಿರುವಾಗಲೇ ಮುಳುಗುವುದು ಹೀಗೆ.

*ಸುಮಾರು 1 ಗಂಟೆ: ದೇಹದ ಒಳಗಿನ ಶಾಖ.* ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುವ ಸ್ಥಿತಿಗೆ ಹೈಪೊಥರ್ಮಿಯಾ ಎನ್ನುತ್ತಾರೆ. ಪ್ರಜ್ಞೆ ತಪ್ಪುವ ಮಟ್ಟಕ್ಕೆ ಅದು ಹೋಗಲು ಹಿಮದಷ್ಟು ತಣ್ಣನೆಯ ನೀರಿನಲ್ಲೂ ಹತ್ತಿರ ಹತ್ತಿರ ಒಂದು ಗಂಟೆ ಬೇಕು.

ಲೈಫ್ ಜಾಕೆಟ್ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಅದು ಇದ್ದರೆ ಮೊದಲ ನಿಮಿಷದಲ್ಲಿ ಮುಖ ನೀರಿನ ಮೇಲಿರುತ್ತದೆ, ಹತ್ತು ನಿಮಿಷದ ಮೇಲೆ ಕೈ ಸೋತರೂ ತೇಲುತ್ತೀರಿ. ಒಂದು ನಿಮಿಷದ ಸಾವು ಒಂದು ಗಂಟೆಯ ಕಾಯುವಿಕೆಯಾಗುತ್ತದೆ. ಅಷ್ಟರಲ್ಲಿ ಯಾರಾದರೂ ಬರಬಹುದು.

ಬಾಯಿಂದ ಬಾಯಿಗೆ ಹರಡಿರುವ ಕೆಲವು ನಂಬಿಕೆಗಳು

ನಂಬಿಕೆ: ಮುಳುಗುವವರು ಕೂಗಿಕೊಳ್ಳುತ್ತಾರೆ, ಕೈ ಬೀಸುತ್ತಾರೆ.
ನಿಜ: ಸಿನಿಮಾದಲ್ಲಿ ಮಾತ್ರ ಯಾವಾಗಲೂ ಹಾಗೆ. ಉಸಿರಿಗೇ ಪರದಾಡುವವರಿಗೆ ಕೂಗಲು ಉಸಿರು ಉಳಿದಿರುವುದಿಲ್ಲ. ಕೈಗಳು ನೀರನ್ನು ಕೆಳಕ್ಕೆ ಒತ್ತುವುದರಲ್ಲೇ ಇರುತ್ತವೆ. ಹೆಚ್ಚಿನವರು ಸದ್ದಿಲ್ಲದೆ ಮುಳುಗುತ್ತಾರೆ. ಗಲಾಟೆ ಮಾಡುತ್ತಾ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ತಕ್ಷಣ ನೋಡಿ.

ನಂಬಿಕೆ: ಊಟ ಮಾಡಿದ ಕೂಡಲೇ ನೀರಿಗಿಳಿದರೆ ಸ್ನಾಯು ಹಿಡಿದು ಮುಳುಗುತ್ತಾರೆ.
ನಿಜ: ಊಟದಿಂದ ಮುಳುಗುವ ಅಪಾಯ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಹೊಟ್ಟೆ ಭಾರ ಅನ್ನಿಸಿದರೆ ಸ್ವಲ್ಪ ಹೊತ್ತು ಕೂತು ಹೋಗಿ, ಅಷ್ಟೇ. ನಿಜವಾಗಿ ಅಪಾಯ ಹೆಚ್ಚಿಸುವುದು ಮದ್ಯ.

ನಂಬಿಕೆ: ಒಂದು ಪೆಗ್ ಹಾಕಿದರೆ ಚಳಿ ಹತ್ತಿರ ಬರಲ್ಲ.
ನಿಜ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಇನ್ನೂ ಬೇಗ ಹೊರಗೆ ಹೋಗುತ್ತದೆ. ಜೊತೆಗೆ, ಎಲ್ಲಿ ಹಾರಬಾರದು ಎಂಬ ವಿವೇಚನೆಯೂ ಹೋಗುತ್ತದೆ.

ನಂಬಿಕೆ: ಮಳೆ ಇಲ್ಲ, ಮೋಡ ಇಲ್ಲ. ಪ್ರವಾಹ ಹೇಗೆ ಬರುತ್ತದೆ?
ನಿಜ: ಮರುಭೂಮಿಯ ಗಟ್ಟಿ ನೆಲ ನೀರನ್ನು ಹೀರುವುದು ಕಡಿಮೆ. ಎಲ್ಲೋ ಬಿದ್ದ ಮಳೆ ಇಕ್ಕಟ್ಟಿನ ಕಣಿವೆಗಳಲ್ಲಿ ಗೋಡೆಯಂತೆ ನುಗ್ಗಿ ಬರುತ್ತದೆ. 1997ರ ಆಗಸ್ಟ್ 12ರಂದು ಪೇಜ್ ಊರಿನ ಪಕ್ಕದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಹೀಗೇ ಪ್ರಾಣ ಕಳೆದುಕೊಂಡರು. ಮಳೆ ಬಿದ್ದದ್ದು ಅಲ್ಲಿಂದ ಕಿಲೋಮೀಟರ್‌ಗಟ್ಟಲೆ ದೂರದಲ್ಲಿ. ಅಲ್ಲಿ ಮಳೆಗಾಲ ಜುಲೈನಿಂದ ಸೆಪ್ಟೆಂಬರ್. ಆ ತಿಂಗಳುಗಳಲ್ಲಿ ನದಿಗೆ ಸೇರುವ ಹಳ್ಳಗಳ ಬಾಯಲ್ಲಿ ಟೆಂಟ್ ಹಾಕಬೇಡಿ, ಸ್ಥಳೀಯ ಎಚ್ಚರಿಕೆ ಕೇಳಿ.

ನಂಬಿಕೆ: ಅಲ್ಲಿನ ನೀರಿನಲ್ಲಿ ಮಿದುಳು ತಿನ್ನುವ ಅಮೀಬಾ ಇದೆ.
ನಿಜ: ಕೇರಳದಲ್ಲಿ ಪ್ರಕರಣಗಳು ಸುದ್ದಿಯಾದ ಮೇಲೆ ಈ ಭಯ ಎಲ್ಲ ನದಿ, ಕೆರೆಗಳ ಮೇಲೂ ಬಂದಿದೆ. ನೇಗ್ಲೇರಿಯಾ ಫೌಲೆರಿ ಎಂಬ ಈ ಅಮೀಬಾಗೆ ಬೆಚ್ಚನೆಯ ಸಿಹಿನೀರು ಬೇಕು. ಅಣೆಕಟ್ಟಿನ ಕೆಳಗಿನ ಕೊರೆಯುವ ನೀರು ಅದಕ್ಕೆ ಹೇಳಿ ಮಾಡಿಸಿದ ಜಾಗವಲ್ಲ. ಆದರೆ ಹೂವರ್ ಅಣೆಕಟ್ಟಿನ ಕೆಳಗೆ, ಇದೇ ತಣ್ಣನೆಯ ನದಿಯ ಪಕ್ಕದಲ್ಲೇ, ಬಿಸಿನೀರಿನ ಬುಗ್ಗೆಗಳಿವೆ. ಅಲ್ಲಿ ಈ ಅಪಾಯ ಇದೆ ಎಂದು ಉದ್ಯಾನದ ಅಧಿಕಾರಿಗಳೇ ಎಚ್ಚರಿಸುತ್ತಾರೆ. ಈ ಅಮೀಬಾ ಒಳಗೆ ಹೋಗುವುದು ಮೂಗಿನಿಂದ, ಕುಡಿಯುವುದರಿಂದ ಅಲ್ಲ. ಆದ್ದರಿಂದ ಬುಗ್ಗೆಗಳಲ್ಲಿ ತಲೆ ಮುಳುಗಿಸಬೇಡಿ, ಮುಖಕ್ಕೆ ನೀರು ಎರಚಾಡಬೇಡಿ.

ದಂಡೆಯಲ್ಲೇ ನಿಂತವರೂ ಗಮನಿಸಬೇಕಾದ ವಿಷಯ

ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಿಂದ ಬಿಡುವ ನೀರು ವಿದ್ಯುತ್ ಬೇಡಿಕೆಗೆ ತಕ್ಕಂತೆ ದಿನದಲ್ಲೇ ಹೆಚ್ಚು ಕಡಿಮೆ ಆಗುತ್ತದೆ. ಅದಕ್ಕೆ ಸರಿಯಾಗಿ ಕೆಳಗಿನ ದಂಡೆಗಳಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ಸಂಜೆ ಒಣ ಮರಳಿನ ಮೇಲೆ ಬಿಟ್ಟ ಚಪ್ಪಲಿ, ಕಯಾಕ್ ಬೆಳಗ್ಗೆ ಅಲ್ಲಿ ಇಲ್ಲದಿರಬಹುದು. ಹಗ್ಗದಿಂದ ಕಟ್ಟಿ, ಸಾಮಾನು ಎತ್ತರದಲ್ಲಿಡಿ. ನಮ್ಮ ಕಾವೇರಿ, ತುಂಗಭದ್ರಾ ಅಣೆಕಟ್ಟುಗಳ ಕೆಳಗೆ ಬಂಡೆಗಳ ಮೇಲೆ ಫೋಟೊ ತೆಗೆಯಲು ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು, ಸೆಳೆತ. ಮೇಲಿನಿಂದ ಶಾಂತವಾಗಿ ಕಾಣುವ ನೀರಿನ ಒಳಗೆ ಹರಿವು ಜೋರಾಗಿರುತ್ತದೆ. ಗ್ರ್ಯಾಂಡ್ ಕ್ಯಾನ್ಯನ್ ತಳದಲ್ಲಿ ಕೊಲೊರಾಡೊ ನದಿಯಲ್ಲಿ ಈಜಬೇಡಿ ಎಂದು ರಾಷ್ಟ್ರೀಯ ಉದ್ಯಾನ ಸೇವೆ ಸ್ಪಷ್ಟವಾಗಿ ಹೇಳುತ್ತದೆ. ತಂಪು ಮತ್ತು ಸೆಳೆತ ಎರಡೂ ಅದಕ್ಕೆ ಕಾರಣ.

ಹಾಗಾದರೆ ಆ ಸೆಖೆಗೆ ಏನು ಮಾಡುವುದು?

ಮರುಭೂಮಿಯ ಬಿಸಿಲೂ ಅಪಾಯವೇ. ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಹಾಗಾಗಿ "ನಾನು ಬೆವರೇ ಇಲ್ಲ" ಎಂದುಕೊಳ್ಳುವಷ್ಟರಲ್ಲಿ ದೇಹ ಲೀಟರ್‌ಗಟ್ಟಲೆ ನೀರು ಕಳೆದುಕೊಂಡಿರುತ್ತದೆ.

ಆದರೆ ಇದೇ ಒಣ ಗಾಳಿ ನಿಮ್ಮ ಉಪಕಾರಕ್ಕೂ ಬರುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಮಡಕೆಯ ಮೈಯಿಂದ ನೀರು ಆವಿಯಾಗುವುದರಿಂದ. ಒದ್ದೆ ಬಟ್ಟೆ ತೊಟ್ಟವರ ಮೈಯೂ ಹಾಗೇ ತಂಪಾಗುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ರೇಂಜರ್‌ಗಳು ಚಾರಣಿಗರಿಗೆ ಕೊಡುವ ಸಲಹೆಯೂ ಇದೇ: ಅಂಗಿ, ಟೋಪಿ ನೆನೆಸಿಕೊಳ್ಳಿ. ಇದಕ್ಕೆ ನದಿಗೆ ಹಾರಬೇಕಿಲ್ಲ, ಒಂದು ಟವೆಲ್ ಸಾಕು.

ಬರಿ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಸರಿಯಲ್ಲ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಉಪ್ಪಿಲ್ಲದೆ ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ಗ್ರ್ಯಾಂಡ್ ಕ್ಯಾನ್ಯನ್ ಚಾರಣಿಗರಲ್ಲಿ ವೈದ್ಯರು ಇದನ್ನು ಕಂಡಿದ್ದಾರೆ. ನೀರಿನ ಜೊತೆ ಉಪ್ಪಿನ ತಿಂಡಿ ಅಥವಾ ಓಆರ್‌ಎಸ್ ಇರಲಿ. ಬಿಪಿ, ಹೃದಯ, ಕಿಡ್ನಿ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಿ.

ದಂಡೆಗೆ ಹೋಗುವಾಗ ನೆನಪಿಡಿ

- ಬೆಳಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತು ನೆರಳಿನಲ್ಲಿರಿ.
- ಚಪ್ಪಲಿ ಬಿಡಬೇಡಿ. ಬಿಸಿಲಿಗೆ ಕಾದ ಮರಳು, ಬಂಡೆ ಅಂಗಾಲು ಸುಡುತ್ತವೆ.
- ನೀರಿಗೆ ಹಾರಬೇಡಿ. ಮೊದಲು ಕೈಕಾಲು, ಮುಖ ನೆನೆಸಿ, ಅಂಚಿನಲ್ಲೇ ನಿಧಾನವಾಗಿ ಇಳಿದು ನೋಡಿ.
- ಕಯಾಕ್ ಅಥವಾ ದೋಣಿಯಲ್ಲಿ ಲೈಫ್ ಜಾಕೆಟ್ ಪಕ್ಕದಲ್ಲಿದ್ದರೆ ಸಾಲದು, ಬಕಲ್ ಹಾಕಿ ತೊಟ್ಟಿರಬೇಕು.
- ಮಕ್ಕಳ ಮೇಲೆ ಕಣ್ಣಿಡುವ ಕೆಲಸ ಒಬ್ಬರಿಗೆ ಕೊಡಿ. ಆ ಹೊತ್ತಿನಲ್ಲಿ ಅವರು ಮೊಬೈಲ್ ನೋಡುವಂತಿಲ್ಲ. "ಎಲ್ಲರೂ ಇದ್ದೇವಲ್ಲ" ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.
- ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದಿರಬಹುದು. ಎಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗೆ ಹೇಳಿ ಹೋಗಿ.

ಯಾರಾದರೂ ನೀರಿಗೆ ಬಿದ್ದರೆ?

ಬಿದ್ದವರು ನೀವೇ ಆಗಿದ್ದರೆ, ಕೂಡಲೇ ಈಜಲು ಹೋಗಬೇಡಿ. ಬೆನ್ನ ಮೇಲೆ ಮಲಗಿದಂತೆ ತೇಲಿ, ಬಾಯಿ ಮೂಗು ನೀರಿನ ಮೇಲಿರಲಿ. ಒಂದು ನಿಮಿಷದಲ್ಲಿ ಏದುಸಿರು ತಗ್ಗುತ್ತದೆ. ಆಮೇಲೆ ದಂಡೆಯ ಕಡೆ ಹೊರಡಿ.

ಬಿದ್ದವರು ಬೇರೆಯವರಾದರೆ, ಅವರ ಹಿಂದೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿಗಳನ್ನು ನಾವು ನಮ್ಮ ಊರುಗಳಲ್ಲೇ ಓದುತ್ತಿರುತ್ತೇವೆ. ಕೋಲು ಚಾಚಿ, ಹಗ್ಗ ಎಸೆಯಿರಿ, ತೇಲುವ ಏನನ್ನಾದರೂ ಎಸೆಯಿರಿ. ಅಮೆರಿಕದಲ್ಲಿ 911ಕ್ಕೆ, ಭಾರತದಲ್ಲಿ 112ಕ್ಕೆ ಕರೆ ಮಾಡಿ.

ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗಾಗಿಸಿ ತಿರುಗಿಸುವುದು ಬೇಡ. ಇದರಿಂದ ಹೊಟ್ಟೆಯಲ್ಲಿರುವುದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅಮೂಲ್ಯ ಸಮಯವೂ ಹಾಳು. ಉಸಿರಾಟ ಇಲ್ಲದಿದ್ದರೆ ತಕ್ಷಣ ಸಿಪಿಆರ್ ಶುರು ಮಾಡಬೇಕು. ಮುಳುಗಿದವರಿಗೆ ಕೊರತೆಯಾಗಿರುವುದು ಆಮ್ಲಜನಕ. ಆದ್ದರಿಂದ ತರಬೇತಿ ಇದ್ದವರು ಎದೆ ಒತ್ತುವುದರ ಜೊತೆಗೆ ಬಾಯಿಂದ ಉಸಿರು ಕೊಡುವುದೂ ಮುಖ್ಯ. ಉಸಿರಾಟ ಇದ್ದರೆ ಒದ್ದೆ ಬಟ್ಟೆ ತೆಗೆದು, ಮಲಗಿಸಿ, ಒಣ ಹೊದಿಕೆ ಹೊದಿಸಿ. ಕೈಕಾಲು ಗಟ್ಟಿಯಾಗಿ ಉಜ್ಜಬೇಡಿ.

ಕೊನೆಯದಾಗಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಇವುಗಳಲ್ಲಿ ಬಹಳಷ್ಟು ಸಾವುಗಳನ್ನು ತಪ್ಪಿಸಬಹುದಿತ್ತು.

ಮರುಭೂಮಿಯ ನದಿ ದಂಡೆ ನೋಡಲೇಬೇಕಾದ ಜಾಗ. ಹೋಗಿ, ಕಾಲು ನೆನೆಸಿ, ಬುತ್ತಿ ಬಿಚ್ಚಿ ಊಟ ಮಾಡಿ, ಬಂಡೆಗಳ ಮೇಲೆ ಬಣ್ಣ ಬದಲಾಗುವುದನ್ನು ನೋಡಿ. ಆದರೆ ನೀರಿನ ಬಿಸಿಯನ್ನು ಬಿಸಿಲು ನೋಡಿ ಅಳೆಯಬೇಡಿ, ಕೈಯಿಟ್ಟು ನೋಡಿ. ಈ ಬೇಸಿಗೆಯಲ್ಲಿ ನಿಮ್ಮ ಮನೆಯವರು, ಸ್ನೇಹಿತರು ಯಾರಾದರೂ ಆ ಕಡೆ ಹೊರಟಿದ್ದರೆ, ಆ ಹಸಿರು ನೀರಿನ ರೀಲ್ ಜೊತೆಗೆ ಇಷ್ಟು ಮಾಹಿತಿಯನ್ನೂ ಅವರಿಗೆ ಕಳಿಸಿ.